ಎತ್ತಿನ ಒಡಲೊಳಗೆ ಕುಳಿತು ಹಕ್ಕಿಯನ್ನು ಕಂಡವರು: ರಿಚರ್ಡ್ ಕಿಯರ್ಟನ್

ಇಂಗ್ಲೆಂಡಿನ ಉತ್ತರಭಾಗದ ಯಾರ್ಕ್‌ಷೈರ್ ಪ್ರಾಂತದಲ್ಲಿ ಸ್ವೇಲ್ ಎಂಬ ನದಿಯ ಕಣಿವೆಯಿದೆ. ಆ ಕಣಿವೆಯ ಮೇಲ್ತುದಿಯಲ್ಲಿ, ಕುರುಚಲು ಬೆಳೆದ ಬೋಳುಗುಡ್ಡಗಳ ನಡುವೆ, ಥ್ವೇಟ್ ಎಂಬ ಪುಟ್ಟ ಹಳ್ಳಿ. ಕಲ್ಲಿನ ಮನೆಗಳು, ಗಾರೆಯಿಲ್ಲದೆ ಪೇರಿಸಿದ ಕಲ್ಲುಬೇಲಿಗಳು, ಕುರಿಮಂದೆಗಳು: ಊರೆಂದರೆ ಇಷ್ಟೇ. ಥ್ವೇಟ್ ಎಂಬ ಹೆಸರು ಕೂಡ ಇಂಗ್ಲಿಷಿನದಲ್ಲ. ಸಾವಿರ ವರ್ಷಗಳ ಹಿಂದೆ ಕಡಲು ದಾಟಿ ಬಂದು ನೆಲೆಸಿದ ನಾರ್ಸ್ ಜನರ ಮಾತಿನಲ್ಲಿ ಅದಕ್ಕೆ ಕಾಡು ಕಡಿದು ಮಾಡಿದ ಬಯಲು ಎಂದರ್ಥ. ಆಳುವವರ ನುಡಿ ಬದಲಾದರೂ ಊರುಗಳ ಹೆಸರಿನಲ್ಲಿ, ಕುರಿ ಕಾಯುವವರ ಆಡುಮಾತಿನಲ್ಲಿ ಹಳೆಯ ನುಡಿ ಉಳಿದುಕೊಂಡಿತು. ಗಡಿನಾಡಿನಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಹಳ್ಳಿಯಲ್ಲಿ 1862ರ ಜನವರಿ 2ರಂದು ರಿಚರ್ಡ್ ಕಿಯರ್ಟನ್ ಜನಿಸಿದರು. ಒಂಬತ್ತು ವರ್ಷಗಳ ಅನಂತರ, 1871ರ ಜುಲೈ 8ರಂದು, ತಮ್ಮ ಚೆರಿ ಹುಟ್ಟಿದರು. ಇಬ್ಬರೂ ಹತ್ತಿರದ ಮುಕರ್ ಎಂಬ ಊರಿನ ಶಾಲೆಗೆ ಹೋದರು. ಆದರೆ ಅವರ ಹೆಚ್ಚಿನ ಕಲಿಕೆ ನಡೆದದ್ದು ಗುಡ್ಡದ ಮೇಲೆ, ಕುರಿಗಳ ಹಿಂದೆ. ಯಾವ ಹಕ್ಕಿ ಯಾವ ತಿಂಗಳಲ್ಲಿ ಬರುತ್ತದೆ, ಯಾವುದು ಕಲ್ಲುಬೇಲಿಯ ಸಂದಿನಲ್ಲಿ ಗೂಡಿಡುತ್ತದೆ, ಯಾವುದು ಬರಿನೆಲದ ಮೇಲೆಯೇ ಮೊಟ್ಟೆಯಿಡುತ್ತದೆ ಎಂಬುದು ಅಲ್ಲಿನ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬಾಯಿಗೆ ಬರುತ್ತಿತ್ತು.

ಬಾಲ್ಯದಲ್ಲಿಯೇ ರಿಚರ್ಡರ ಬದುಕನ್ನು ಬೇರೆ ದಾರಿಗೆ ಹಚ್ಚಿದ ಘಟನೆಯೊಂದು ನಡೆಯಿತು. ಹಕ್ಕಿಯ ಗೂಡನ್ನು ನೋಡಲು ಮರ ಹತ್ತಿದ ಹುಡುಗ ಕೆಳಗೆ ಬಿದ್ದನು. ಸೊಂಟದ ಕೀಲು ತಪ್ಪಿತು. ಅದನ್ನು ಸರಿಯಾಗಿ ಕೂಡಿಸುವವರು ಸಿಗಲಿಲ್ಲ. ಒಂದು ಕಾಲು ಕುಂಟಾಯಿತು, ಕೊನೆಯವರೆಗೂ ಹಾಗೆಯೇ ಉಳಿಯಿತು. ಕುರಿಗಾಹಿಗಳ ಊರಿನಲ್ಲಿ ಕಾಲಿಲ್ಲದವನಿಗೆ ಬದುಕಿಲ್ಲ. ಆದರೂ ಈ ಹುಡುಗ ಹಕ್ಕಿಗಳ ಬೆನ್ನು ಬಿಡಲಿಲ್ಲ. ಓಡಿ ಹಿಡಿಯಲಾಗದವನು ಕುಳಿತು ಕಾಯುವುದನ್ನು ಕಲಿತನು. ಮುಂದೆ ಇದೇ ಅವರ ವಿದ್ಯೆಯಾಯಿತೆಂದು ನಮಗೆ ತೋರುತ್ತದೆ, ಅವರು ಹಾಗೆ ಹೇಳಿಕೊಂಡಿರಲಿ ಬಿಡಲಿ.

ಆ ಗುಡ್ಡಗಳಲ್ಲಿ ಗ್ರೌಸ್ ಎಂಬ, ನಮ್ಮ ಕೌಜುಗದ ದೂರದ ನೆಂಟನಂತಿರುವ ಹಕ್ಕಿ ಬಹಳ. ಅದರ ಬೇಟೆಗಾಗಿ ಲಂಡನ್ನಿನ ಸಿರಿವಂತರು ಪ್ರತಿವರ್ಷ ಬರುತ್ತಿದ್ದರು. 1882ರಲ್ಲಿ ಹಾಗೆ ಬಂದವರಲ್ಲಿ ಕ್ಯಾಸೆಲ್ ಎಂಬ ದೊಡ್ಡ ಪುಸ್ತಕ ಪ್ರಕಾಶನ ಸಂಸ್ಥೆಯ ಸಿಡ್ನಿ ಗ್ಯಾಲ್ಪಿನ್ ಎಂಬವರೂ ಇದ್ದರು. ಗ್ರೌಸ್‌ನ ಕೂಗನ್ನು ಬಾಯಲ್ಲೇ ಅನುಕರಿಸಿ ಹಕ್ಕಿಯನ್ನು ಹತ್ತಿರಕ್ಕೆ ಕರೆಯಬಲ್ಲ ಕುಂಟು ಹುಡುಗನೊಬ್ಬ ಅವರ ಕಣ್ಣಿಗೆ ಬಿದ್ದನು. ಅವರು ಆತನಿಗೆ ಲಂಡನ್ನಿನಲ್ಲಿ ಕೆಲಸ ಕೊಡಿಸಿದರು. ಹಕ್ಕಿಯ ದನಿ ಬಲ್ಲ ಒಂದೇ ಕಾರಣಕ್ಕೆ ಹಳ್ಳಿಯ ಇಪ್ಪತ್ತರ ಯುವಕ ಪುಸ್ತಕಗಳ ಕಾರ್ಖಾನೆಗೆ ಬಂದು ಸೇರಿದಂತಾಯಿತು. ತಂದೆ ತೀರಿಕೊಂಡ ಬಳಿಕ ತಮ್ಮ ಚೆರಿಯೂ ಅದೇ ಸಂಸ್ಥೆಯಲ್ಲಿ ಕೆಲಸಕ್ಕೆ ಬಂದರು.

1890ರಲ್ಲಿ ರಿಚರ್ಡರ ಮೊದಲ ಪುಸ್ತಕ ಹೊರಬಂದಿತು. ಅದರ ವಿಷಯ ಗೂಡುಗಳು, ಮೊಟ್ಟೆಗಳು ಮತ್ತು ಮೊಟ್ಟೆಗಳನ್ನು ಸಂಗ್ರಹಿಸುವ ಬಗೆ. ಇಂದು ಇದನ್ನು ಓದುವ ಮಕ್ಕಳಿಗೆ ಅಚ್ಚರಿಯಾಗಬಹುದು, ತುಸು ಬೇಸರವೂ ಆಗಬಹುದು. ಆದರೆ ಆ ಕಾಲದ ಇಂಗ್ಲೆಂಡಿನಲ್ಲಿ ಮೊಟ್ಟೆ ಸಂಗ್ರಹ ಮರ್ಯಾದಸ್ಥರ ಹವ್ಯಾಸವಾಗಿತ್ತು. ಮೊಟ್ಟೆಗೆ ಸಣ್ಣ ತೂತು ಕೊರೆದು, ಒಳಗಿನದನ್ನು ಊದಿ ಹೊರಹಾಕಿ, ಚಿಪ್ಪನ್ನು ಹತ್ತಿಯ ಮೇಲಿಟ್ಟು ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ಹಕ್ಕಿಯನ್ನು ಅರಿಯಬೇಕಾದರೆ ಅದನ್ನು ಗುಂಡಿಟ್ಟು ಕೆಡಹಿ ತೊಗಲಿಗೆ ಹತ್ತಿ ತುಂಬಬೇಕು ಎಂಬುದೇ ಪಂಡಿತರ ರೂಢಿಯಾಗಿತ್ತು. ಮೊಟ್ಟೆ ಸಂಗ್ರಹ ಅಲ್ಲಿ ಕಾನೂನಿನಂತೆ ಅಪರಾಧವಾದದ್ದು 1954ರಲ್ಲಿ. ಅಷ್ಟರಲ್ಲಿ ಅಣ್ಣತಮ್ಮಂದಿರಿಬ್ಬರೂ ಕಾಲವಾಗಿದ್ದರು.

ಆ ರೂಢಿಯ ಪಕ್ಕದಲ್ಲಿ ಇನ್ನೊಂದು ದಾರಿ ತೆರೆದದ್ದು 1892ರ ಏಪ್ರಿಲ್ 10ರಂದು. ಲಂಡನ್ನಿನ ಹೊರವಲಯದ ಎನ್‌ಫೀಲ್ಡ್ ಎಂಬಲ್ಲಿ ಹಾಡುಗಾರ ಥ್ರಶ್ ಹಕ್ಕಿಯ ಗೂಡೊಂದು ಸಿಕ್ಕಿತು. ಒಳಗೆ ಮೊಟ್ಟೆಗಳಿದ್ದವು. ಚೆರಿಯ ಬಳಿ ಅಗ್ಗದ ಕ್ಯಾಮೆರಾ ಇತ್ತು. ಅದರಿಂದ ಆ ಗೂಡಿನ ಚಿತ್ರ ತೆಗೆದರು. ಚಿತ್ರ ಚೆನ್ನಾಗಿ ಮೂಡಿತು. ಗೂಡನ್ನು ಕೀಳದೆ, ಮೊಟ್ಟೆಯನ್ನು ಎತ್ತದೆ, ಹಕ್ಕಿಯನ್ನು ಕೊಲ್ಲದೆ ಇದ್ದದ್ದನ್ನು ಇದ್ದಂತೆಯೇ ಮನೆಗೆ ಒಯ್ಯಬಹುದೆಂದು ಅಣ್ಣನಿಗೆ ಹೊಳೆದದ್ದು ಆ ಚಿತ್ರವನ್ನು ನೋಡಿದಾಗ. ಬ್ರಿಟನ್ನಿನ ಹಕ್ಕಿಗಳ ಗೂಡುಗಳ ಮೇಲೊಂದು ಪುಸ್ತಕವನ್ನು ಪೂರ್ತಿಯಾಗಿ ಛಾಯಾಚಿತ್ರಗಳಿಂದಲೇ ಸಜ್ಜುಗೊಳಿಸೋಣವೆಂದು ಇಬ್ಬರೂ ಹೊರಟರು. ಅದು 1895ರಲ್ಲಿ ಪ್ರಕಟವಾಯಿತು. ಆದಿಯಿಂದ ಅಂತ್ಯದವರೆಗೆ ನಿಸರ್ಗದಲ್ಲೇ ತೆಗೆದ ಛಾಯಾಚಿತ್ರಗಳಿದ್ದ ಮೊದಲ ಪ್ರಕೃತಿಗ್ರಂಥವೆಂದು ಅದನ್ನು ಎಣಿಸುತ್ತಾರೆ. ಅಣ್ಣನದು ಬರವಣಿಗೆ, ತಮ್ಮನದು ಚಿತ್ರ. ಮುಂದೆಯೂ ಬಹುಕಾಲ ಹೀಗೆಯೇ ನಡೆಯಿತು.

ಇಂದು ಕೈಯಲ್ಲಿ ಮೊಬೈಲ್ ಹಿಡಿದಿರುವ ನಾವು ಆ ಕಾಲದ ಕಷ್ಟವನ್ನು ಊಹಿಸಿಕೊಳ್ಳಬೇಕು. ಕ್ಯಾಮೆರಾ ಎಂದರೆ ಮರದ ಪೆಟ್ಟಿಗೆ, ಮುಂದೆ ಮಡಿಕೆಮಡಿಕೆಯಾದ ಚರ್ಮದ ತಿದಿ, ಕೆಳಗೆ ಮೂರು ಕಾಲಿನ ಊರುಗೋಲು. ಒಂದು ಚಿತ್ರಕ್ಕೆ ಒಂದು ಗಾಜಿನ ಫಲಕ. ಹತ್ತು ಚಿತ್ರ ಬೇಕಾದರೆ ಹತ್ತು ಫಲಕಗಳನ್ನು ಒಡೆಯದಂತೆ ಹೊತ್ತು ಗುಡ್ಡ ಹತ್ತಬೇಕು. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಮಸುಕು ಗಾಜಿನಲ್ಲಿ ತಲೆಕೆಳಗಾಗಿ ಕಾಣುವ ಬಿಂಬವನ್ನು ಸ್ಫುಟಗೊಳಿಸಿ, ಆಮೇಲೆ ಫಲಕವನ್ನು ತೂರಿಸಿ ಚಿತ್ರ ತೆಗೆಯಬೇಕು. ದೂರವನ್ನು ಹತ್ತಿರಕ್ಕೆ ತರುವ ಮಸೂರಗಳು ಇಂದಿನಂತಿರಲಿಲ್ಲ, ಹಕ್ಕಿಯ ಬಳಿಗೇ ಹೋಗಬೇಕು. ಎತ್ತರದ ಬೇಲಿಯಲ್ಲಿ ಗೂಡಿದ್ದರೆ ಚೆರಿ ಅಣ್ಣನ ಹೆಗಲ ಮೇಲೆ ನಿಂತು ಚಿತ್ರ ತೆಗೆದದ್ದುಂಟು. ಕಡಲಬಂಡೆಯ ನಡುವಿನ ಗೂಡುಗಳಿಗೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ಕುಂಟುಕಾಲಿನ ಅಣ್ಣ ತಮ್ಮನ ಭಾರವನ್ನು ಹೆಗಲಲ್ಲಿ ಹೊತ್ತು ನಿಂತ ಆ ದೃಶ್ಯವನ್ನು ನೆನೆದಾಗ ನಮಗೆ ಅವರ ಪುಸ್ತಕಗಳ ಯಾವ ಹಕ್ಕಿಗಿಂತಲೂ ಅದೇ ಹೆಚ್ಚು ಹಿಡಿಸುತ್ತದೆ.

ಆ ಫಲಕಗಳು ಬೆಳಕನ್ನು ನಿಧಾನವಾಗಿ ಹೀರುತ್ತಿದ್ದುದರಿಂದ ಹಕ್ಕಿ ಅಲುಗಿದರೆ ಚಿತ್ರ ಕೆಡುತ್ತಿತ್ತು. ಹಾಗಾದರೆ ಅಲುಗದೆ ಕೂರುವ ಹಕ್ಕಿ ಯಾವುದು? ಅಡಗಿ ಬದುಕುವ ಹಕ್ಕಿ. ನೆಲದ ಮೇಲೆ ಕಾವು ಕೂರುವ ಗ್ರೌಸ್, ಕಲ್ಲುಹರಳುಗಳ ನಡುವೆ ಹರಳಿನಂತೆಯೇ ಮೊಟ್ಟೆಯಿಡುವ ಪ್ಲವರ್, ಒಣ ಎಲೆಯ ಮೇಲೆ ಒಣ ಎಲೆಯಾಗುವ ವುಡ್‌ಕಾಕ್, ಮುರಿದ ಕೊಂಬೆಯಂತೆ ಬಿದ್ದಿರುವ ನೈಟ್‌ಜಾರ್. ಶತ್ರು ಹತ್ತಿರ ಬಂದರೆ ಹಾರಿ ಹೋಗುವುದು ಇವುಗಳ ರೀತಿಯಲ್ಲ. ಮೈಯ ಬಣ್ಣವನ್ನು ನಂಬಿ ಮಿಸುಕದೆ ಕೂರುವುದೇ ಇವುಗಳ ರಕ್ಷೆ. ಕಾಲಿನಿಂದ ತುಳಿಯುವಷ್ಟು ಸಮೀಪ ಬರುವವರೆಗೂ ಕೆಲವು ಏಳುವುದಿಲ್ಲ. ಬೇಟೆಯ ಕಣ್ಣಿನಿಂದ ತಪ್ಪಿಸಿಕೊಳ್ಳಲು ಪ್ರಕೃತಿ ಕಲಿಸಿದ ಈ ನಿಶ್ಚಲತೆಯೇ ಮೊದಲ ಪಕ್ಷಿಛಾಯಾಗ್ರಾಹಕರಿಗೆ ವರವಾಗಿ ಒದಗಿತು.

ಇನ್ನೊಂದು ಮಾತು. ಅಂದಿನ ಚಿತ್ರಗಳಲ್ಲಿ ಬಣ್ಣವಿರಲಿಲ್ಲ, ಕಪ್ಪು ಬಿಳುಪು ಮಾತ್ರ. ಕಂದು ಹಕ್ಕಿ ಕಂದು ನೆಲದಲ್ಲಿ ಕಾಣದಿರುವುದು ಬಣ್ಣ ಒಂದೇ ಆದ್ದರಿಂದ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಬಣ್ಣವನ್ನೆಲ್ಲ ತೆಗೆದುಹಾಕಿದ ಚಿತ್ರದಲ್ಲಿಯೂ ಹಕ್ಕಿ ಕಾಣಿಸದೆ ಹೋದರೆ? ಗೆರೆ, ಚುಕ್ಕೆ, ನೆರಳುಗಳ ಹಂಚಿಕೆಯೇ ಅದರ ಆಕಾರವನ್ನು ಒಡೆದು ನೆಲದೊಳಗೆ ಬೆರೆಸುತ್ತದೆ ಎಂಬುದು ಆಗ ಕಣ್ಣಿಗೆ ಕಟ್ಟುತ್ತದೆ. ಅಮೆರಿಕದ ಚಿತ್ರಕಾರ ಅಬಟ್ ಥೇಯರ್ ಎಂಬವರು, ಪ್ರಾಣಿಗಳ ಬೆನ್ನು ಕಪ್ಪಾಗಿ ಹೊಟ್ಟೆ ಬೆಳ್ಳಗಾಗಿರುವುದು ನೆರಳನ್ನು ಅಳಿಸಿ ಅವುಗಳನ್ನು ಮರೆಮಾಡಲೆಂದು 1896ರಲ್ಲಿ ಬರೆದರು. ಕಿಯರ್ಟನ್ ಸೋದರರು ಗುಡ್ಡಗಾಡಿನಲ್ಲಿ ಕ್ಯಾಮೆರಾ ಹೊತ್ತು ಅಲೆಯುತ್ತಿದ್ದದ್ದೂ ಅದೇ ವರ್ಷಗಳಲ್ಲಿ.

ಅಡಗುವ ಹಕ್ಕಿಗಳ ಸುತ್ತ ಎಲ್ಲ ದೇಶಗಳಲ್ಲೂ ಕಥೆಗಳು ಹೆಣೆದುಕೊಂಡಿವೆ. ಕಣ್ಣಿಗೆ ಕಾಣದೆ ದನಿ ಮಾತ್ರ ಕೇಳಿಸಿದರೆ ಮನುಷ್ಯನ ಮನಸ್ಸು ಆ ದನಿಗೊಂದು ಮೈಯನ್ನು ಕಲ್ಪಿಸುತ್ತದೆ. ನೈಟ್‌ಜಾರ್‌ನದೇ ದೊಡ್ಡ ಉದಾಹರಣೆ. ನಮ್ಮಲ್ಲಿ ಇದರ ಬಳಗದ ಹಕ್ಕಿಗಳನ್ನು ನತ್ತಿಂಗ ಎನ್ನುತ್ತಾರೆ. ಹಗಲೆಲ್ಲ ನೆಲದ ಮೇಲೆ ಕಣ್ಣು ಮುಚ್ಚಿ ಕುಳಿತಿರುತ್ತದೆ. ಗೂಡು ಕಟ್ಟುವುದಿಲ್ಲ, ಎರಡು ಮೊಟ್ಟೆಗಳನ್ನು ಬರಿನೆಲಕ್ಕೆ ಇಡುತ್ತದೆ. ಮುಸ್ಸಂಜೆಯಾದ ಮೇಲೆ ಎದ್ದು, ಅಗಲವಾದ ಬಾಯಿ ತೆರೆದು ಹಾರಾಡುತ್ತ ಹುಳುಗಳನ್ನು ಹಿಡಿಯುತ್ತದೆ. ದನಕರುಗಳ ಸುತ್ತ ಹುಳುಗಳು ಹೆಚ್ಚು. ಆದ್ದರಿಂದ ಮಂದೆಯ ಬಳಿ ಅದು ಸುಳಿಯುವುದು ಸಹಜ. ಅದನ್ನು ಕಂಡ ಯೂರೋಪಿನ ಕುರಿಗಾಹಿಗಳು, ಈ ಹಕ್ಕಿ ರಾತ್ರಿ ಬಂದು ಆಡಿನ ಕೆಚ್ಚಲಿಗೆ ಬಾಯಿಟ್ಟು ಹಾಲು ಕುಡಿಯುತ್ತದೆ, ಆಡು ಕುರುಡಾಗುತ್ತದೆ ಎಂದು ನಂಬಿದರು. ಎರಡು ಸಾವಿರ ವರ್ಷಗಳಿಗೂ ಹಳೆಯದಾದ ನಂಬಿಕೆಯಿದು. ವಿಜ್ಞಾನಿಗಳು ಇಟ್ಟ ಲ್ಯಾಟಿನ್ ಹೆಸರು ಕ್ಯಾಪ್ರಿಮಲ್ಗಸ್. ಅದರ ಅರ್ಥವೂ ಆಡಿನ ಹಾಲು ಕರೆಯುವುದು ಎಂದೇ. ಕಥೆ ಸುಳ್ಳಾಯಿತು, ಹೆಸರು ಇಂದಿಗೂ ಉಳಿದಿದೆ.

ಯಾರ್ಕ್‌ಷೈರಿನ ನಿಡ್ಡರ್‌ಡೇಲ್ ಕಣಿವೆಯವರ ನಂಬಿಕೆ ಇನ್ನೂ ಕರುಣಾಜನಕ. ದೀಕ್ಷಾಸ್ನಾನವಾಗುವ ಮೊದಲೇ ತೀರಿಕೊಂಡ ಹಸುಗೂಸುಗಳ ಆತ್ಮಗಳು ಈ ಹಕ್ಕಿಗಳಾಗಿ ಕತ್ತಲಲ್ಲಿ ಅಲೆಯುತ್ತವೆ ಎಂದು ಅವರು ತಿಳಿದಿದ್ದರು. ಮಗುವನ್ನು ಕಳೆದುಕೊಂಡ ಯಾವ ತಾಯಿ ಸಂಜೆಯ ಹೊತ್ತು ಆ ದನಿಯನ್ನು ಕೇಳಿ ಹೇಗೆ ತಡೆದುಕೊಂಡಳೋ. ಇಂಥ ನಂಬಿಕೆಗಳನ್ನು ಮೌಢ್ಯವೆಂದು ನಕ್ಕು ತಳ್ಳಿಹಾಕುವುದು ಸುಲಭ. ಅದರ ಹಿಂದಿನ ದುಃಖ ನಿಜವಾದದ್ದು.

ದಕ್ಷಿಣ ಇಂಗ್ಲೆಂಡಿನಲ್ಲಿ ಇದೇ ಹಕ್ಕಿ ಕರುಗಳಿಗೆ ಕೊಕ್ಕಿನಿಂದ ಕುಟುಕಿ ರೋಗ ತರುತ್ತದೆ ಎನ್ನುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಸೆಲ್‌ಬೋರ್ನ್ ಎಂಬ ಹಳ್ಳಿಯಲ್ಲಿದ್ದ ಪಾದ್ರಿ ಗಿಲ್ಬರ್ಟ್ ವೈಟ್ ಇದನ್ನು ಪರಿಶೀಲಿಸಿ, ಕರುಗಳ ಬೆನ್ನಿನ ಗಂಟುಗಳಿಗೆ ಕಾರಣ ಹಕ್ಕಿಯಲ್ಲ, ಒಂದು ಜಾತಿಯ ನೊಣದ ಮರಿಹುಳುಗಳು ಎಂದು ಬರೆದಿದ್ದರು. 1789ರಲ್ಲಿ ಪ್ರಕಟವಾದ ವೈಟ್ ಅವರ ಆ ಪುಸ್ತಕ ಇಂಗ್ಲಿಷ್ ಓದುಗರಿಗೆ ಅಚ್ಚುಮೆಚ್ಚಿನದು. ರಿಚರ್ಡ್ ಕಿಯರ್ಟನ್ 1902ರಲ್ಲಿ ಅದಕ್ಕೆ ಟಿಪ್ಪಣಿಗಳನ್ನು ಬರೆದು, ತಮ್ಮಿಬ್ಬರ ಛಾಯಾಚಿತ್ರಗಳನ್ನು ಸೇರಿಸಿ ಹೊಸ ಆವೃತ್ತಿಯನ್ನು ಹೊರತಂದರು. ವಿವೇಕಿಯಾದ ವೈಟ್ ಅವರೂ ಒಂದು ಕಡೆ ಹಳೆಯ ನಂಬಿಕೆಯಿಂದ ಪೂರ್ಣವಾಗಿ ಬಿಡಿಸಿಕೊಳ್ಳಲಿಲ್ಲ. ಚಳಿಗಾಲದಲ್ಲಿ ಕಾಣೆಯಾಗುವ ಕವಲುತೋಕೆಗಳಲ್ಲಿ ಕೆಲವಾದರೂ ಅಲ್ಲಿಯೇ ಎಲ್ಲೋ ಅಡಗಿ ನಿದ್ರಿಸುತ್ತಿರಬಹುದೇ ಎಂಬ ಸಂದೇಹ ಅವರನ್ನು ಕೊನೆಯವರೆಗೂ ಕಾಡಿತು. ಅವು ಆಫ್ರಿಕಕ್ಕೆ ಹಾರಿಹೋಗುತ್ತವೆಂದು ನಂಬುವುದು ಆ ದಿನಗಳಲ್ಲಿ, ಯೋಚಿಸಿ ನೋಡಿದರೆ, ಇನ್ನೂ ಕಷ್ಟವಾಗಿದ್ದೀತು.

ಟಿಟ್ಟಿಭದ ಕಥೆ ನಮ್ಮ ಮನೆಗಳಲ್ಲೂ ಉಂಟು. ಅದು ಕಾಲುಗಳನ್ನು ಮೇಲಕ್ಕೆತ್ತಿ ಅಂಗಾತ ಮಲಗುತ್ತದೆ, ಆಕಾಶ ಕಳಚಿ ಬಿದ್ದರೆ ಹಿಡಿಯಲು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಸಮುದ್ರದೊಡನೆ ಜಗಳಕ್ಕೆ ನಿಂತ ಟಿಟ್ಟಿಭ ಪಂಚತಂತ್ರದಲ್ಲಿ ಬರುತ್ತದೆ. ವಾಸ್ತವದಲ್ಲಿ ಅದು ಉಳಿದ ಹಕ್ಕಿಗಳಂತೆಯೇ ನಿಂತು ಇಲ್ಲವೆ ಕುಳಿತು ನಿದ್ರಿಸುತ್ತದೆ. ಉಳುಮೆಯ ಹೊಲದಲ್ಲಿ, ಕೆರೆಯಂಗಳದ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಹತ್ತಿರ ಹೋದವರ ತಲೆಯ ಮೇಲೆ ಕೂಗುತ್ತ ಸುತ್ತುವುದು ಅವರ ಗಮನವನ್ನು ಬೇರೆಡೆಗೆ ಸೆಳೆಯಲು. ಸ್ಕಾಟ್ಲೆಂಡಿನ ಗಡಿಸೀಮೆಯಲ್ಲಿ ಇದೇ ಬಳಗದ ಲ್ಯಾಪ್‌ವಿಂಗ್ ಹಕ್ಕಿಗೆ ಈ ಗುಣವೇ ಶಾಪವಾಯಿತು. ಹದಿನೇಳನೆಯ ಶತಮಾನದಲ್ಲಿ ಧರ್ಮದ ಕಾರಣಕ್ಕೆ ಅರಸನ ಕೋಪಕ್ಕೆ ಗುರಿಯಾದ ಕವನೆಂಟರ್ ಪಂಥದವರು ಗುಡ್ಡಗಳಲ್ಲಿ ಅಡಗಿ ಪ್ರಾರ್ಥನೆ ನಡೆಸುತ್ತಿದ್ದರು. ಹಕ್ಕಿಗಳು ಅವರ ತಲೆಯ ಮೇಲೆ ಸುತ್ತಿ ಕೂಗಿದಾಗ ಸೈನಿಕರಿಗೆ ಅಡಗುತಾಣ ತಿಳಿಯಿತಂತೆ. ಆ ಸಿಟ್ಟು ತಲೆಮಾರುಗಳವರೆಗೆ ಉಳಿದು, ಅಲ್ಲಿನ ಜನ ಲ್ಯಾಪ್‌ವಿಂಗ್‌ನ ಮೊಟ್ಟೆ ಕಂಡಲ್ಲಿ ಒಡೆಯುತ್ತಿದ್ದರು. ತನ್ನ ಮರಿಗಳನ್ನು ಕಾಯಲು ಕೂಗಿದ ಹಕ್ಕಿಯ ಮೇಲೆ ಇಂಥ ಆಪಾದನೆ!

ನಂಬಿಕೆಯೊಂದು ಹಕ್ಕಿಯ ಪ್ರಾಣಕ್ಕೇ ಎರವಾದ ಕಥೆ ಸೇಂಟ್ ಕಿಲ್ಡಾ ದ್ವೀಪದ್ದು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಹೆಬ್ರಿಡೀಸ್ ದ್ವೀಪಗಳಿಂದಲೂ ಆಚೆಗೆ, ಅಟ್ಲಾಂಟಿಕ್ ಸಾಗರದ ನಡುವೆ ಈ ಒಂಟಿ ದ್ವೀಪಸಮೂಹವಿದೆ. ಅಲ್ಲಿನ ಕಡಲಬಂಡೆ ಸುಮಾರು 430 ಮೀಟರ್ ಎತ್ತರಕ್ಕೆ ನೆಟ್ಟಗೆ ಏಳುತ್ತದೆ. ಕಿಯರ್ಟನ್ ಸೋದರರು 1896ರಲ್ಲಿ ಅಲ್ಲಿಗೆ ಹೋದಾಗ ಜನಸಂಖ್ಯೆ ಎಪ್ಪತ್ತರ ಆಸುಪಾಸಿನಲ್ಲಿತ್ತು. ಅವರ ನುಡಿ ಇಂಗ್ಲಿಷ್ ಅಲ್ಲ, ಗೇಲಿಕ್. ಊಟ, ದೀಪದ ಎಣ್ಣೆ, ಭೂಮಿಯ ಗುತ್ತಿಗೆಗೆ ಕೊಡುವ ಗರಿ, ಎಲ್ಲವೂ ಕಡಲಹಕ್ಕಿಗಳಿಂದಲೇ. ಬರಿಗಾಲಿನಲ್ಲಿ ಹಗ್ಗ ಹಿಡಿದು ಬಂಡೆಯಿಳಿದು ಫುಲ್ಮರ್, ಗ್ಯಾನೆಟ್ ಹಕ್ಕಿಗಳನ್ನು ಹಿಡಿಯುವುದು ಅಲ್ಲಿನ ಗಂಡಸರ ದಿನದ ದುಡಿಮೆ. ಸೋದರರು ಆ ಜನರ ಬದುಕನ್ನೂ ಹಕ್ಕಿಗಳನ್ನೂ ಚಿತ್ರಿಸಿಕೊಂಡು ಬಂದರು. 1897ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ ಆ ಪ್ರವಾಸದ ವಿವರಗಳಿವೆ.

ಅವರು ಹೋಗುವುದಕ್ಕೆ ಅರ್ಧ ಶತಮಾನ ಮೊದಲು, 1840ರ ಸುಮಾರಿಗೆ, ಅಲ್ಲಿನ ಕಡಲಕಂಬದಂಥ ಒಂದು ಬಂಡೆಯ ಮೇಲೆ ದ್ವೀಪದವರು ಗ್ರೇಟ್ ಆಕ್ ಎಂಬ ದೊಡ್ಡ ಹಕ್ಕಿಯನ್ನು ಹಿಡಿದರು. ಹಾರಲಾರದ ಹಕ್ಕಿಯದು. ಕಟ್ಟಿಹಾಕಿ ಮೂರು ದಿನ ಇಟ್ಟುಕೊಂಡರು. ಅಷ್ಟರಲ್ಲಿ ಭಾರೀ ಬಿರುಗಾಳಿ ಎದ್ದಿತು. ಗಾಳಿಯನ್ನು ಎಬ್ಬಿಸಿದ ಮಾಟಗಾತಿ ಇದೇ ಎಂದು ತಿಳಿದು ಅದನ್ನು ಹೊಡೆದು ಕೊಂದರು. ಬ್ರಿಟನ್ನಿನಲ್ಲಿ ಕಂಡ ಕೊನೆಯ ಗ್ರೇಟ್ ಆಕ್ ಅದು. 1844ರಲ್ಲಿ ಐಸ್‌ಲ್ಯಾಂಡಿನ ಬಳಿ ಉಳಿದ ಒಂದು ಜೋಡಿಯನ್ನೂ ಕೊಂದರು. ಆ ಜೋಡಿಯನ್ನು ಕೊಂದದ್ದಕ್ಕೆ ಯಾವ ಮೂಢನಂಬಿಕೆಯೂ ಕಾರಣವಲ್ಲ. ಸಂಗ್ರಾಹಕರು ಕೊಡುವ ಹಣವೇ ಕಾರಣ. ಬಡ ದ್ವೀಪವಾಸಿಯ ಭಯವನ್ನು ಖಂಡಿಸುವಾಗ ಓದಿದವರ ಗಾಜಿನ ಪೆಟ್ಟಿಗೆಯ ಆಸೆಯನ್ನೂ ಪಕ್ಕದಲ್ಲಿಟ್ಟು ತೂಗಬೇಕು. ಸೇಂಟ್ ಕಿಲ್ಡಾದಲ್ಲಿ ಮಾತ್ರ ಇರುವ ಒಂದು ಬಗೆಯ ಪುಟ್ಟ ರೆನ್ ಹಕ್ಕಿಯ ಮೇಲೂ ಅಂಥ ಸಂಗ್ರಾಹಕರ ಕಣ್ಣು ಬಿದ್ದಿತ್ತು. ಅದರ ರಕ್ಷಣೆಗೆ 1904ರಲ್ಲಿ ಬ್ರಿಟಿಷ್ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಹಕ್ಕಿ ಉಳಿಯಿತು. ಜನ ಉಳಿಯಲಿಲ್ಲ. 1930ರ ಆಗಸ್ಟ್ 29ರಂದು ಉಳಿದ 36 ಮಂದಿಯೂ ಹಡಗು ಹತ್ತಿ ದ್ವೀಪವನ್ನು ತೊರೆದರು.

1898ರಲ್ಲಿ ರಿಚರ್ಡ್ ಪ್ರಕಾಶನ ಸಂಸ್ಥೆಯ ನೌಕರಿಯನ್ನು ಬಿಟ್ಟರು. ಬರವಣಿಗೆ ಮತ್ತು ಉಪನ್ಯಾಸಗಳೇ ಜೀವನೋಪಾಯವಾದವು. ಲಂಡನ್ನಿನ ದಕ್ಷಿಣಕ್ಕಿರುವ ಕೇಟರಮ್ ಎಂಬ ಊರಿನಲ್ಲಿ ನೆಲೆಸಿದರು. ಅವರನ್ನು ಲೋಕಪ್ರಸಿದ್ಧಗೊಳಿಸಿದ ಉಪಾಯ ಹೊಳೆದದ್ದು ಇದಾದ ಮೇಲೆ.

ಅಡಗಿರುವ ಹಕ್ಕಿಯನ್ನು ಹುಡುಕುವುದು ಒಂದು ಕಷ್ಟ. ಅದು ಗೂಡಿಗೆ ಮರಳುವಾಗ, ಮರಿಗೆ ಉಣಿಸುವಾಗ ಹೇಗೆ ನಡೆದುಕೊಳ್ಳುತ್ತದೆಂದು ನೋಡುವುದು ಅದಕ್ಕಿಂತ ದೊಡ್ಡ ಕಷ್ಟ. ಮನುಷ್ಯನನ್ನು ಕಂಡ ಹಕ್ಕಿ ಮನುಷ್ಯನನ್ನು ಕಂಡ ಹಕ್ಕಿಯಂತೆಯೇ ನಡೆದುಕೊಳ್ಳುತ್ತದೆ. ಹಾಗಾದರೆ ಮನುಷ್ಯನೇ ಅಡಗಬೇಕು. ಹೊಲದ ಹಕ್ಕಿಗಳು ದನಕ್ಕೆ ಹೆದರುವುದಿಲ್ಲ ಎಂಬುದು ಕುರಿಗಾಹಿಯ ಮಗನಿಗೆ ಹೊಸ ವಿಷಯವೇನಲ್ಲ. ಕುದುರೆಯ ಮರೆಯಲ್ಲಿ ಬೇಟೆಯನ್ನು ಸಮೀಪಿಸುವುದು ಇಂಗ್ಲೆಂಡಿನ ಹಳೆಯ ಪದ್ಧತಿ. ನಮ್ಮ ದಖ್ಖನ್ ಸೀಮೆಯಲ್ಲೂ ಎತ್ತಿನ ಮರೆಯಲ್ಲಿ ನಡೆದು ಕೌಜುಗಗಳಿಗೆ ಬಲೆಯೊಡ್ಡುವವರಿದ್ದರು. ಕಿಯರ್ಟನ್ ಸೋದರರು ಒಂದು ಹೆಜ್ಜೆ ಮುಂದೆ ಹೋಗಿ ಎತ್ತಿನ ಒಳಗೇ ಹೊಕ್ಕರು. 1900ರಲ್ಲಿ ಲಂಡನ್ನಿನ ಪ್ರಸಿದ್ಧ ಚರ್ಮಪ್ರಸಾಧಕ ರೋಲೆಂಡ್ ವಾರ್ಡ್ ಅವರಿಂದ ನಿಜವಾದ ಎತ್ತಿನ ತೊಗಲನ್ನು ಹಗುರವಾದ ಚೌಕಟ್ಟಿನ ಮೇಲೆ ಹೊದಿಸಿ ಟೊಳ್ಳು ಎತ್ತೊಂದನ್ನು ಮಾಡಿಸಿದರು. ಎತ್ತಿನ ಮುಂಭಾಗದ ತೊಗಲಿನಲ್ಲಿ ಒಂದು ಕಂಡಿ, ಅದರ ಹಿಂದೆ ಕ್ಯಾಮೆರಾದ ಕಣ್ಣು. ಹೊಟ್ಟೆಯಲ್ಲಿ ಬೆನ್ನು ಬಗ್ಗಿಸಿಕೊಂಡ ಮನುಷ್ಯ.

ಹೇಳಲು ಸೊಗಸಾಗಿದೆ, ಒಳಗಿದ್ದವರ ಪಾಡು ಬೇರೆ. ಬಿಸಿಲೇರಿದರೆ ತೊಗಲು ಕಾಯುತ್ತದೆ, ಗಾಳಿಯಾಡುವುದಿಲ್ಲ, ಗಂಟೆಗಟ್ಟಲೆ ಕಾಲು ಚಾಚುವಂತಿಲ್ಲ. ಸೊಂಟ ಮುರಿದುಕೊಂಡಿದ್ದ ರಿಚರ್ಡರಿಗೆ ಅದು ಎಂಥ ಯಾತನೆಯಾಗಿದ್ದಿರಬೇಕು! ಒಮ್ಮೆ ಒಳಗಿದ್ದವರ ಸಮೇತ ಎತ್ತು ನಾಲ್ಕು ಕಾಲನ್ನೂ ಆಕಾಶಕ್ಕೆ ಚಾಚಿ ಉರುಳಿಬಿದ್ದ ಪ್ರಸಂಗ ಪ್ರಸಿದ್ಧವಾಗಿದೆ. ಆಕಾಶ ಹಿಡಿಯುವ ಟಿಟ್ಟಿಭದ ಕಥೆ ನಮಗೆ ನೆನಪಾಗದೆ ಇರದು. ಎತ್ತಿನ ಬಳಿಕ ತೊಗಲಿನ ಕುರಿ ಬಂತು. ಅದರಲ್ಲಿ ಮನುಷ್ಯನಿಗೆ ಜಾಗವಿಲ್ಲ. ಕ್ಯಾಮೆರಾವನ್ನು ಮಾತ್ರ ಒಳಗಿಟ್ಟು, ಉದ್ದನೆಯ ರಬ್ಬರ್ ನಳಿಕೆಯ ತುದಿಯಲ್ಲಿದ್ದ ಬುರುಡೆಯನ್ನು ದೂರದಿಂದ ಹಿಂಡಿ ಚಿತ್ರ ತೆಗೆಯುತ್ತಿದ್ದರು. ಮರದ ಬೊಡ್ಡೆ, ಬಂಡೆ, ಕಸದ ಗುಡ್ಡೆ, ಹೀಗೆ ನೆಲಕ್ಕೆ ತಕ್ಕ ಮರೆಗಳನ್ನು ಮಾಡಿಕೊಂಡರು. ಇವುಗಳ ವಿವರಗಳನ್ನು 1903ರ ಪುಸ್ತಕದಲ್ಲಿ ಓದಿದ ಜನ ಬೆರಗಾದರು. ಗ್ರೌಸ್ ಹುಲ್ಲಿನಂತಾಯಿತು, ಮನುಷ್ಯ ಬಂಡೆಯಂತಾದನು. ವೇಷ ಹಾಕುವುದರಲ್ಲಿ ಗುರು ಯಾರು ಶಿಷ್ಯ ಯಾರು ಎಂಬುದರಲ್ಲಿ ಸಂದೇಹವಿಲ್ಲ.

ಈ ಮರೆಗಳ ಒಳಗಿನಿಂದ ಹಕ್ಕಿಗಳ ನಡತೆಯ ಬಗೆಗಿನ ಹಲವು ಊಹೆಗಳನ್ನು ಒರೆಗೆ ಹಚ್ಚಿ ನೋಡಬಹುದಿತ್ತು. ರಿಚರ್ಡ್ ಮರದ ಮೊಟ್ಟೆಗಳಿಗೆ ಬಣ್ಣ ಬಳಿದು ನಿಜವಾದ ಮೊಟ್ಟೆಗಳ ಬದಲಿಗೆ ಗೂಡಿನಲ್ಲಿಟ್ಟು ನೋಡಿದರು. ಹಕ್ಕಿ ಬಂದು ಅವುಗಳ ಮೇಲೆಯೇ ಕಾವು ಕೂತಿತು. ಮನುಷ್ಯನ ಕೈ ತಾಗಿದ ಮೊಟ್ಟೆಯ ವಾಸನೆ ಹಿಡಿದು ತಾಯಿ ಗೂಡು ಬಿಡುತ್ತದೆ ಎಂಬ ನಂಬಿಕೆ ಅಲ್ಲಿಯೂ ಇತ್ತು, ನಮ್ಮಲ್ಲಿಯೂ ಇದೆ. ಹೆಚ್ಚಿನ ಸಣ್ಣ ಹಕ್ಕಿಗಳು ಗೂಡು ತೊರೆಯುವುದು ವಾಸನೆಗಲ್ಲ, ಮತ್ತೆ ಮತ್ತೆ ಬಂದು ಕಾಡುವ ಮನುಷ್ಯನಿಗೆ ಹೆದರಿ. ಆದ್ದರಿಂದ ಈ ನಂಬಿಕೆಯ ಕಾರಣ ತಪ್ಪಾದರೂ ಮಕ್ಕಳನ್ನು ಗೂಡಿನಿಂದ ದೂರವಿರಿಸುವ ಅದರ ಫಲ ಒಳ್ಳೆಯದೇ. ಮರದ ಮೊಟ್ಟೆಯ ಪ್ರಯೋಗವನ್ನು ಇಂದು ಯಾರೂ ಮಾಡಬಾರದು. ನಮ್ಮ ದೇಶದ ಅನೇಕ ಛಾಯಾಚಿತ್ರ ಸ್ಪರ್ಧೆಗಳು ಈಗ ಗೂಡಿನ ಚಿತ್ರಗಳನ್ನೇ ಸ್ವೀಕರಿಸುವುದಿಲ್ಲ. ಗೂಡಿನ ಚಿತ್ರದಿಂದಲೇ ಹುಟ್ಟಿದ ಕಲೆ ಗೂಡಿನಿಂದ ಹಿಂದೆ ಸರಿಯುವಷ್ಟು ಬೆಳೆದದ್ದು ನಮಗೆ ಸರಿಯೆಂದೇ ತೋರುತ್ತದೆ. ಆದರೆ ಆ ಕಾಲದ ಅಳತೆಗೋಲು ಬಂದೂಕಾಗಿತ್ತು ಎಂಬುದನ್ನು ಮರೆತು ಅವರನ್ನು ತೂಗುವುದು ನ್ಯಾಯವಲ್ಲ.

ಮುಂದೆ ಸೋದರರ ದಾರಿಗಳು ಬೇರೆಯಾದವು. ಚೆರಿ ಚಲನಚಿತ್ರದ ಕಡೆ ತಿರುಗಿದರು, ಆಫ್ರಿಕದ ಕಾಡುಗಳಿಗೆ ಹೋದರು, 1909ರಲ್ಲಿ ಅಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರನ್ನು ಚಿತ್ರೀಕರಿಸಿದರು, ಅಣ್ಣನಿಗಿಂತ ಹೆಚ್ಚು ಹೆಸರಾದರು. ರಿಚರ್ಡ್ ತಮ್ಮ ದೇಶದ ಗುಡ್ಡ, ಬೇಲಿ, ಕಡಲತೀರಗಳನ್ನೇ ನೆಚ್ಚಿಕೊಂಡರು. ಚಳಿಗಾಲವೆಲ್ಲ ಊರಿಂದೂರಿಗೆ ಹೋಗಿ ಗಾಜಿನ ಸ್ಲೈಡುಗಳನ್ನು ಮಾಯಾದೀಪದಿಂದ ಪರದೆಯ ಮೇಲೆ ಮೂಡಿಸಿ ಉಪನ್ಯಾಸ ಕೊಟ್ಟರು. ಸಭಾಂಗಣದ ಕತ್ತಲಲ್ಲಿ ಪರದೆಯ ಮೇಲೆ ಬರೀ ಹುಲ್ಲು, ಕಲ್ಲು. ಹಕ್ಕಿ ಎಲ್ಲಿದೆಯೆಂದು ಮಕ್ಕಳು ಹುಡುಕಬೇಕು. ಅದನ್ನು ಕಂಡುಹಿಡಿದ ಮಗು ಮರುದಿನ ಹೊಲಕ್ಕೆ ಹೋದಾಗ ನೆಲವನ್ನು ನೋಡುವ ಬಗೆಯೇ ಬದಲಾಗಿರುತ್ತದೆ. 1926ರಲ್ಲಿ ಅವರು ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. 1928ರ ಫೆಬ್ರವರಿ 8ರಂದು ತೀರಿಕೊಂಡರು.

ಚೆರಿ ಬದುಕಿದ್ದು 1940ರ ಸೆಪ್ಟೆಂಬರ್ 27ರವರೆಗೆ. ಅಂದು ಅವರು ಲಂಡನ್ನಿನ ಬಿಬಿಸಿ ಆಕಾಶವಾಣಿಗೆ ಮಕ್ಕಳ ಕಾರ್ಯಕ್ರಮಕ್ಕಾಗಿ ಬಂದಿದ್ದರು. ಕಟ್ಟಡದ ಹೊರಗೆ ಕುಸಿದು ಪ್ರಾಣಬಿಟ್ಟರು. ಅವರ ಉಪನ್ಯಾಸವನ್ನು ಬಾಲ್ಯದಲ್ಲಿ ಕೇಳಿದವರಲ್ಲಿ ಡೇವಿಡ್ ಅಟೆನ್‌ಬರೋ ಒಬ್ಬರು. ತಮಗೆ ಕಾಡಿನ ಗೀಳು ಹತ್ತಿದ್ದರಲ್ಲಿ ಅದರ ಪಾಲು ಇತ್ತೆಂದು ಅವರು ನೆನೆದಿದ್ದಾರೆ. ಬೆಂಗಳೂರಿನಲ್ಲಿ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ವನ್ಯಜೀವಿ ಛಾಯಾಗ್ರಹಣವನ್ನು ಕಟ್ಟಿ ಬೆಳೆಸಿದಾಗ ಅವರೂ ಇದೇ ಮರೆಯಲ್ಲಿ ಕೂರುವ ವಿದ್ಯೆಯನ್ನು ಅನುಸರಿಸಿದವರು. ಇಬ್ಬರು ಮರೆಯೊಳಗೆ ಹೋಗಿ ಒಬ್ಬರು ಹೊರಬಂದರೆ, ಎಲ್ಲರೂ ಹೋದರೆಂದು ತಿಳಿದು ಹಕ್ಕಿ ಗೂಡಿಗೆ ಮರಳುತ್ತದೆ ಎಂಬ ಉಪಾಯ ಈ ವೃತ್ತಿಯಲ್ಲಿ ಎಲ್ಲೆಡೆ ಪ್ರಚಲಿತವಾಗಿದೆ. ಹಕ್ಕಿಗೆ ಲೆಕ್ಕ ಬಾರದೆಂಬುದು ಛಾಯಾಗ್ರಾಹಕರ ನಂಬಿಕೆ. ಇದು ಎಷ್ಟರಮಟ್ಟಿಗೆ ನಿಜವೆಂದು ಹಕ್ಕಿಯನ್ನೇ ಕೇಳಬೇಕು.

ಕಿಯರ್ಟನ್ ಸೋದರರು ಓದಿದ ಮುಕರ್ ಊರಿನ ಹಳೆಯ ಶಾಲೆಯ ಕಟ್ಟಡದ ಬಳಿ ಅವರಿಬ್ಬರ ಹೆಸರಿನ ಫಲಕಗಳಿವೆ. ಥ್ವೇಟ್‌ನಲ್ಲಿ ಅವರ ಮನೆಯ ಬಾಗಿಲ ಮೇಲ್ಗಲ್ಲಿನ ಮೇಲೆ ಹಕ್ಕಿಗಳನ್ನೂ ಪ್ರಾಣಿಗಳನ್ನೂ ಕೆತ್ತಲಾಗಿದೆ. ಮನೆಯ ಹಿಂದಿನ ಗುಡ್ಡದಲ್ಲಿ ಗ್ರೌಸ್‌ಗಳು ಈಗಲೂ ಹೆದರ್ ಗಿಡಗಳ ನಡುವೆ ಕಾವು ಕೂರುತ್ತವೆ.